ತಿಮ್ಮಪ್ಪನ ಮುಡಿಯಿಂದ ಶುರುವಾದ ಪ್ರಶ್ನೆ: ಯಹೂದಿ ಧರ್ಮಕ್ಕೆ ‘ಬೇರೆಯವರು’ ಯಾರು?

2004ರ ಮೇ ತಿಂಗಳು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಸಂಪ್ರದಾಯಸ್ಥ ಯಹೂದಿಗಳು ಬೀದಿಯಲ್ಲಿ ಬೆಂಕಿ ಹಾಕಿ, ಅದಕ್ಕೆ ವಿಗ್‌ಗಳನ್ನು ಎಸೆದರು. ಅಗ್ಗದ ವಿಗ್‌ಗಳಲ್ಲ, ಕೆಲವಕ್ಕೆ ಸಾವಿರ ಡಾಲರಿಗೂ ಹೆಚ್ಚು ಬೆಲೆಯಿತ್ತು. ಇಸ್ರೇಲಿನ ಬ್ನೇ ಬ್ರಾಕ್ ಊರಿನಲ್ಲೂ ಹೀಗೇ ಆಯಿತು. ಆ ವಿಗ್‌ಗಳಲ್ಲಿ ಭಾರತದ ಕೂದಲಿದೆ, ಅದು ತಿರುಪತಿಯಲ್ಲಿ ಭಕ್ತರು ತಿಮ್ಮಪ್ಪನಿಗೆ ಕೊಟ್ಟ ಮುಡಿ ಎಂಬುದೇ ಕಾರಣ.

ಮದುವೆಯಾದ ಸಂಪ್ರದಾಯಸ್ಥ ಯಹೂದಿ ಹೆಂಗಸು ಹೊರಗಿನವರಿಗೆ ತಲೆಗೂದಲು ತೋರಿಸುವ ಹಾಗಿಲ್ಲ. ಕೆಲವರು ಬಟ್ಟೆ ಕಟ್ಟಿಕೊಳ್ಳುತ್ತಾರೆ, ಕೆಲವರು ವಿಗ್ ಹಾಕುತ್ತಾರೆ. ತಿರುಮಲದಲ್ಲಿ ಬಿದ್ದ ಮುಡಿಯನ್ನು ದೇವಸ್ಥಾನ ಹರಾಜು ಹಾಕುತ್ತದೆ. ಅದು ಕೈಯಿಂದ ಕೈಗೆ ಸಾಗಿ ಜಗತ್ತಿನ ವಿಗ್ ಮಾರುಕಟ್ಟೆ ಸೇರುತ್ತದೆ. ಜೆರುಸಲೇಮಿನ ಹಿರಿಯ ಧರ್ಮಗುರು ರಬ್ಬಿ ಯೋಸೆಫ್ ಶಾಲೋಮ್ ಎಲ್ಯಾಶಿವ್ ಅವರಿಗೆ ಈ ವಿಷಯದಲ್ಲಿ ಅನುಮಾನ ಬಂತು. ಲಂಡನ್ನಿನ ರಬ್ಬಿ ಡನ್ನರ್ ಎಂಬುವರು ತಿರುಪತಿಗೇ ಬಂದು ನೋಡಿ, ವಿಚಾರಿಸಿ, ವರದಿ ಕೊಟ್ಟರು. ಆಮೇಲೆ ಎಲ್ಯಾಶಿವ್ ತೀರ್ಪು ಹೇಳಿದರು: ಇದು ವಿಗ್ರಹಕ್ಕೆ ಅರ್ಪಿಸಿದ ವಸ್ತು. ಹಾಕಿಕೊಳ್ಳಬಾರದು, ಮಾರಬಾರದು, ದಾನವನ್ನೂ ಮಾಡಬಾರದು.

ಚಿಕ್ಕಂದಿನಲ್ಲಿ ನಾನೂ ತಿಮ್ಮಪ್ಪನಿಗೆ ಮುಡಿ ಕೊಟ್ಟವನೇ. ಈ ಸುದ್ದಿ ಓದಿದಾಗ ಮನಸ್ಸಿಗೆ ಚುರುಕ್ ಅಂದಿತ್ತು. ನಾವು ಭಕ್ತಿಯಿಂದ ಕೊಟ್ಟಿದ್ದು ಅವರಿಗೆ ಮುಟ್ಟಬಾರದ್ದಾಯಿತಲ್ಲ ಎಂದು. ಆಮೇಲೆ ಆ ಧರ್ಮದ ಒಳಗಿನ ಚರ್ಚೆಗಳನ್ನು ಓದುತ್ತಾ ಹೋದಾಗ ಗೊತ್ತಾಯಿತು, ಇದರಲ್ಲಿ ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಪದರಗಳಿವೆ. ಗಾಜಾ ಯುದ್ಧ ಶುರುವಾದ ಮೇಲೆ ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ಎರಡು ಥರದ ಸಂದೇಶ ಓಡಾಡುತ್ತಿವೆ. ಒಂದು, ‘ಯಹೂದಿಗಳ ಗ್ರಂಥ ಬೇರೆಯವರನ್ನು ಪ್ರಾಣಿ ಎನ್ನುತ್ತದೆ’. ಇನ್ನೊಂದು, ‘ಅವರು ಯಾರನ್ನೂ ಮತಾಂತರ ಮಾಡಲ್ಲ, ಯಾರ ತಂಟೆಗೂ ಹೋಗಲ್ಲ’. ಎರಡನ್ನೂ ಕಣ್ಣುಮುಚ್ಚಿ ಮುಂದಕ್ಕೆ ಕಳಿಸುವ ಮೊದಲು ಈ ಜಗಳ ಎಷ್ಟು ಹಳೆಯದು ಅಂತ ನೋಡೋಣ.

ಯಹೂದಿಗಳ ಮೂಲ ಧರ್ಮಗ್ರಂಥ ತೋರಾದಿಂದಲೇ ಶುರು ಮಾಡಬೇಕು. ಬೈಬಲ್ಲಿನ ಮೊದಲ ಐದು ಕಾಂಡಗಳೇ ತೋರಾ. ಕನ್ನಡ ಬೈಬಲ್ ಓದಿದವರಿಗೆ ಯಾಜಕಕಾಂಡದ 19ನೇ ಅಧ್ಯಾಯ ಗೊತ್ತಿರುತ್ತದೆ. ನಿಮ್ಮ ನಡುವೆ ಇರುವ ಪರದೇಶಿಯನ್ನು ನಿಮ್ಮಂತೆಯೇ ಪ್ರೀತಿಸಿ, ನೀವೂ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದಿರಿ ಎನ್ನುತ್ತದೆ ಅದು. ಹೀಬ್ರೂವಿನಲ್ಲಿ ಆ ಪದ ‘ಗೇರ್’. ಕನ್ನಡದಲ್ಲಿ ಪರದೇಶಿ ಎಂದರೆ ದಿಕ್ಕಿಲ್ಲದವನು ಎಂಬ ಅರ್ಥವೂ ಉಂಟಲ್ಲ, ಆ ಅರ್ಥ ಇಲ್ಲಿ ಚೆನ್ನಾಗಿ ಕೂರುತ್ತದೆ. ಗೇರ್ ಎಂದರೆ ಹೊಲವಿಲ್ಲದೆ, ಕುಲವಿಲ್ಲದೆ ಬೇರೆಯವರ ಊರಿನಲ್ಲಿ ಬದುಕುವವನು. ಅವನಿಗೆ ಕೇಡು ಮಾಡಬೇಡಿ ಎಂದು ತೋರಾ 36 ಸಲ ಎಚ್ಚರಿಸಿದೆ, ಕೆಲವರ ಲೆಕ್ಕದಲ್ಲಿ 46 ಸಲ ಎಂದು ತಾಲ್ಮುಡ್, ಅಂದರೆ ಹಳೆಯ ರಬ್ಬಿಗಳ ಚರ್ಚೆ, ತೀರ್ಪುಗಳ ದೊಡ್ಡ ಸಂಗ್ರಹ, ಎಣಿಸಿ ಹೇಳುತ್ತದೆ.

ಅದೇ ತೋರಾದ ಧರ್ಮೋಪದೇಶಕಾಂಡದ 7ನೇ ಅಧ್ಯಾಯ ತೆರೆದರೆ ಕಾನಾನಿನ ಏಳು ಜನಾಂಗಗಳನ್ನು ನಾಶಮಾಡಿ, ಅವರಿಗೆ ಕರುಣೆ ತೋರಬೇಡಿ ಎಂಬ ಆಜ್ಞೆ ಇದೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಎರಡೂ ಒಂದೇ ಗ್ರಂಥದಲ್ಲಿವೆ. ಮುಂದೆ ಬಂದ ಪ್ರತಿಯೊಬ್ಬ ರಬ್ಬಿಯೂ ಯಾವ ಸಾಲನ್ನು ಅಗಲ ಮಾಡಬೇಕು, ಯಾವುದಕ್ಕೆ ಬೇಲಿ ಹಾಕಬೇಕು ಎಂದು ತಾನೇ ನಿರ್ಧರಿಸಬೇಕಾಯಿತು. ಆ ನಿರ್ಧಾರಗಳ ಚರಿತ್ರೆಯೇ ನಮ್ಮ ಪ್ರಶ್ನೆಗೆ ಉತ್ತರ ಎಂದು ನನಗನ್ನಿಸುತ್ತದೆ. ‘ಯಹೂದಿ ಧರ್ಮ ಹೀಗೆ ಹೇಳುತ್ತದೆ’ ಎಂದು ಒಂದೇ ಮಾತಿನಲ್ಲಿ ಹೇಳಲು ಹೊರಟವರು, ಯಾವ ಕಡೆಯವರೇ ಆಗಲಿ, ಈ ಭಾಗವನ್ನು ಹಾರಿಸಿಬಿಡುತ್ತಾರೆ.

ಎರಡು ದಿಕ್ಕಿಗೂ ಬೇಲಿ ಬಿತ್ತು. ಪ್ರೀತಿಸಬೇಕಾದ ‘ಗೇರ್’ ಎಂದರೆ ಹೊರಗಿನಿಂದ ಬಂದು ಯಹೂದಿ ಧರ್ಮಕ್ಕೆ ಮತಾಂತರವಾದವನು ಎಂದು ತಾಲ್ಮುಡ್‌ನ ರಬ್ಬಿಗಳು ಬಹಳ ಕಡೆ ಅರ್ಥ ಮಾಡಿದರು. ಪ್ರೀತಿಯ ಆಜ್ಞೆ ಹೀಗೆ ಕಿರಿದಾಯಿತು. ನಾಶದ ಆಜ್ಞೆಯನ್ನೂ ಅವರು ಕಟ್ಟಿಹಾಕಿದರು. ಅಸ್ಸೀರಿಯಾದ ರಾಜ ಸೆನ್ಹೇರೀಬ ಬಂದು ಎಲ್ಲಾ ಜನಾಂಗಗಳನ್ನೂ ಕಲಸಿಬಿಟ್ಟ, ಇವತ್ತು ಯಾರು ಯಾವ ಜನಾಂಗ ಎಂದು ಗುರುತಿಸಲು ಆಗುವುದಿಲ್ಲ ಎಂದು ತಾಲ್ಮುಡ್‌ಗೆ ಬುನಾದಿಯಾದ ನಿಯಮಗಳ ಸಂಗ್ರಹ ಮಿಶ್ನಾ ಹೇಳುತ್ತದೆ. ಗುರುತೇ ಸಿಗದ ಮೇಲೆ ಆ ಆಜ್ಞೆಯನ್ನು ಯಾರ ಮೇಲೆ ನಡೆಸುವುದು? 12ನೇ ಶತಮಾನದ ಮಹಾಪಂಡಿತ ಮೈಮೊನಿಡಿಸ್ ಕೂಡ ಆ ಏಳು ಜನಾಂಗಗಳ ನೆನಪೇ ಅಳಿದುಹೋಗಿದೆ ಎಂದು ಬರೆದ.

ಹಾಗಾದರೆ ಉಳಿದ ಮನುಷ್ಯರು ದೇವರ ಮುಂದೆ ಏನು? ಇದಕ್ಕೆ ರಬ್ಬಿಗಳು ಕೊಟ್ಟ ಉತ್ತರ ‘ನೋಹನ ಏಳು ನಿಯಮಗಳು’. ವಿಗ್ರಹಾರಾಧನೆ, ದೇವನಿಂದೆ, ಕೊಲೆ, ವ್ಯಭಿಚಾರ, ಕಳ್ಳತನ ಇವು ಬೇಡ. ಜೀವಂತ ಪ್ರಾಣಿಯ ಅಂಗ ಕಿತ್ತು ತಿನ್ನಬಾರದು. ನ್ಯಾಯಾಲಯಗಳನ್ನು ಕಟ್ಟಬೇಕು. ಯಹೂದಿಗೆ 613 ಆಜ್ಞೆಗಳಾದರೆ ಉಳಿದವರಿಗೆ ಇವು ಏಳು. ಬೇರೆ ಜನಾಂಗಗಳ ನೀತಿವಂತರಿಗೂ ಪರಲೋಕದಲ್ಲಿ ಪಾಲುಂಟು ಎಂದು ರಬ್ಬಿ ಯೆಹೋಶುವ ಹೇಳಿದ. ಇಲ್ಲ ಎಂದು ರಬ್ಬಿ ಎಲೀಯೆಜರ್ ವಾದಿಸಿದ. ಗೆದ್ದದ್ದು ಯೆಹೋಶುವನ ಮಾತು. ಯಹೂದಿಗಳು ಮತಾಂತರಕ್ಕೆ ಬೆನ್ನುಬೀಳದೆ ಇರುವುದಕ್ಕೆ ಇದು ಒಂದು ದೊಡ್ಡ ಕಾರಣ. ಅವರ ದೃಷ್ಟಿಯಲ್ಲಿ ನೀವು ಒಳ್ಳೆಯವರಾಗಲು ಯಹೂದಿ ಆಗಬೇಕಾಗಿಲ್ಲ.

ಆದರೆ ಏಳರಲ್ಲಿ ಮೊದಲು ಬರುವುದೇ ವಿಗ್ರಹಾರಾಧನೆ ಅಲ್ವಾ? ನಮ್ಮ ಕಥೆ ಬಂದು ತಾಗುವುದು ಅಲ್ಲಿಗೇ.

ಮಿಶ್ನಾದಲ್ಲಿ ಒಂದು ಘಟನೆ ಇದೆ. ರೋಮನ್ನರ ಕಾಲ. ಸಮುದ್ರ ತೀರದ ಅಕ್ಕೋ ಊರು. ರಬ್ಬಾನ್ ಗಮ್ಲಿಯೇಲ್ ಎಂಬ ದೊಡ್ಡ ಗುರು ಸಾರ್ವಜನಿಕ ಸ್ನಾನಗೃಹದಲ್ಲಿ ಸ್ನಾನ ಮಾಡುತ್ತಿದ್ದಾನೆ. ಅಲ್ಲಿ ಆಫ್ರೋದೀತೆ ದೇವಿಯ ಮೂರ್ತಿ ಇದೆ. ಪ್ರೋಕ್ಲೋಸ್ ಎಂಬ ಗ್ರೀಕ ಕೇಳುತ್ತಾನೆ: ನಿಮ್ಮ ತೋರಾ ವಿಗ್ರಹದ ಹತ್ತಿರ ಸುಳಿಯಬೇಡ ಎನ್ನುತ್ತದೆ, ನೀನು ಇಲ್ಲಿ ಸ್ನಾನ ಮಾಡುವುದು ಹೇಗೆ? ಗಮ್ಲಿಯೇಲ್ ಅಲ್ಲೇ ಉತ್ತರ ಕೊಡುವುದಿಲ್ಲ, ಸ್ನಾನದ ಮನೆಯಲ್ಲಿ ಧರ್ಮದ ಮಾತಾಡಬಾರದು ಎನ್ನುತ್ತಾನೆ. ಹೊರಗೆ ಬಂದ ಮೇಲೆ ಹೇಳುತ್ತಾನೆ: ನಾನು ಅವಳ ಜಾಗಕ್ಕೆ ಬರಲಿಲ್ಲ, ಅವಳೇ ನನ್ನ ಜಾಗಕ್ಕೆ ಬಂದಳು. ಆಫ್ರೋದೀತೆಗೆ ಅಲಂಕಾರವಾಗಲಿ ಎಂದು ಯಾರೂ ಸ್ನಾನಗೃಹ ಕಟ್ಟುವುದಿಲ್ಲ. ಸ್ನಾನಗೃಹಕ್ಕೆ ಅಲಂಕಾರವಾಗಲಿ ಎಂದು ಆಫ್ರೋದೀತೆಯನ್ನು ಇಡುತ್ತಾರೆ.

ಈ ಉತ್ತರ ನನಗೆ ಬಹಳ ಇಷ್ಟ. ಇಲ್ಲಿ ಕಲ್ಲು ಯಾವುದು, ರೂಪ ಯಾವುದು ಎಂಬುದು ಮುಖ್ಯವಾಗಲಿಲ್ಲ. ಅದರ ಜೊತೆ ಜನ ಹೇಗೆ ನಡೆದುಕೊಳ್ಳುತ್ತಾರೆ, ಅವರ ಮನಸ್ಸಿನಲ್ಲಿ ಏನಿದೆ ಎಂಬುದು ಮುಖ್ಯವಾಯಿತು. ಎಷ್ಟೋ ಶತಮಾನ ಕಳೆದು ರಬ್ಬಿಗಳು ತಿರುಮಲದ ಕಲ್ಯಾಣಕಟ್ಟೆಯ ಬಗ್ಗೆ ವಾದ ಮಾಡಿದ್ದೂ ಇದೇ ಜಾಡಿನಲ್ಲಿ. ಭಕ್ತ ಕೊಡುವುದು ಕೂದಲನ್ನೋ, ತನ್ನ ಚೆಲುವನ್ನೋ? ಗರ್ಭಗುಡಿಯಿಂದ ದೂರದ ಕಟ್ಟಡದಲ್ಲಿ ಕ್ಷೌರಿಕ ತಲೆ ಬೋಳಿಸಿದರೆ ಅದು ಅರ್ಪಣೆ ಆಗುತ್ತದೆಯೋ? ಕೂದಲು ದೇವರ ಮುಂದೆ ಹೋಗುವುದೇ ಇಲ್ಲವಲ್ಲ? ಇಂಥ ಪ್ರಶ್ನೆಗಳನ್ನು ಹಿಡಿದು ಎಲ್ಯಾಶಿವ್ ಅವರ ತೀರ್ಪನ್ನು ಒಪ್ಪದ ರಬ್ಬಿಗಳೂ ಇದ್ದರು. ‘ಮುಡಿ ಯಾಕೆ ಕೊಡ್ತೀವಿ’ ಎಂದು ನಾನು ನಮ್ಮಮ್ಮನನ್ನು ಕೇಳಿದ್ದೆ. ‘ಅಹಂಕಾರ ಬಿಡೋದಕ್ಕಪ್ಪ, ಕೂದಲು ತಗೊಂಡು ದೇವರೇನು ಮಾಡ್ತಾನೆ’ ಅಂದಿದ್ದಳು.

ಇನ್ನು ಕಹಿ ಭಾಗಕ್ಕೆ ಬರೋಣ. ತಾಲ್ಮುಡ್‌ನಲ್ಲಿ ಯಹೂದಿಗೊಂದು, ಬೇರೆಯವರಿಗೊಂದು ಎಂಬ ಕಾನೂನುಗಳು ಇವೆ. ಯಹೂದಿಯ ಎತ್ತು ಬೇರೆಯವನ ಎತ್ತನ್ನು ಹಾಯ್ದರೆ ದಂಡವಿಲ್ಲ. ಬೇರೆಯವನ ಎತ್ತು ಯಹೂದಿಯ ಎತ್ತನ್ನು ಹಾಯ್ದರೆ ಪೂರ್ತಿ ನಷ್ಟ ಕಟ್ಟಿಕೊಡಬೇಕು. ಇದು ಅನ್ಯಾಯ ಎಂದು ಯಾರಿಗಾದರೂ ಅನ್ನಿಸುತ್ತದೆ. ಆಗಲೂ ಅನ್ನಿಸಿತ್ತು. ತಾಲ್ಮುಡ್ ತಾನೇ ಒಂದು ಕಥೆ ಹೇಳುತ್ತದೆ. ರೋಮ್ ಸರ್ಕಾರ ಇಬ್ಬರು ಅಧಿಕಾರಿಗಳನ್ನು ತೋರಾ ಕಲಿಯಲು ಕಳಿಸಿತು. ಅವರು ಎಲ್ಲವನ್ನೂ ಓದಿ ಮುಗಿಸಿ, ‘ನಿಮ್ಮ ತೋರಾ ಎಲ್ಲಾ ಸರಿಯಿದೆ, ಈ ಎತ್ತಿನ ಕಾನೂನು ಒಂದು ಬಿಟ್ಟು’ ಎಂದು ಹೇಳಿ ಹೊರಟರು. ಗ್ರಂಥದ ಮೇಲಿನ ದೂರನ್ನು ಗ್ರಂಥದೊಳಗೇ ಬರೆದಿಟ್ಟಿದ್ದಾರೆ. ಈ ಕಥೆಯ ಜೆರುಸಲೇಮ್ ತಾಲ್ಮುಡ್ ಪಾಠದಲ್ಲಿ ಇನ್ನೊಂದು ಮಾತು ಸೇರಿದೆ: ಆ ಹೊತ್ತಿನಲ್ಲೇ ರಬ್ಬಾನ್ ಗಮ್ಲಿಯೇಲ್, ಬೇರೆಯವರಿಂದ ಕದ್ದದ್ದನ್ನು ಬಳಸಬಾರದು, ಅದರಿಂದ ದೇವರ ಹೆಸರಿಗೆ ಮಸಿ ಬಳಿದಂತೆ ಎಂದು ನಿಯಮ ಮಾಡಿದ.

ಅದೇ ಕಾಲದ ಇನ್ನೊಂದು ನಿಯಮ ‘ದಾರ್ಖೇ ಶಾಲೋಮ್’, ಅಂದರೆ ಶಾಂತಿಯ ದಾರಿ. ಬೇರೆಯವರ ಬಡವರಿಗೆ ನಮ್ಮ ಬಡವರ ಜೊತೆಗೇ ಊಟ ಹಾಕಬೇಕು, ಅವರ ರೋಗಿಗಳನ್ನು ನೋಡಿಕೊಳ್ಳಬೇಕು, ಅವರ ಸತ್ತವರನ್ನು ಮಣ್ಣು ಮಾಡಬೇಕು. ಇದು ಸುಮ್ನೆ ಜಗಳ ತಪ್ಪಿಸುವ ಉಪಾಯವೋ, ಧರ್ಮದ ತಿರುಳೋ ಎಂಬುದರ ಬಗ್ಗೆ ಇವತ್ತಿಗೂ ವಾದವಿದೆ. ವಾರಕ್ಕೊಮ್ಮೆ ಬರುವ, ಕೆಲಸ ಮಾಡಬಾರದ ವಿಶ್ರಾಂತಿ ದಿನವೇ ಸಬ್ಬತ್. ಆ ದಿನ ಯಹೂದಿ ವೈದ್ಯ ಬೇರೆಯವರ ಜೀವ ಉಳಿಸಲು ಸಬ್ಬತ್ತಿನ ನಿಯಮ ಮುರಿಯಬಹುದೇ ಎಂಬ ಪ್ರಶ್ನೆ ಬಂದಾಗ ಈ ವಾದ ಬಿಸಿಯಾಗುತ್ತದೆ. ಹಳೆಯ ಗ್ರಂಥಗಳಲ್ಲಿ ಬೇಡ ಎಂಬ ದನಿಯೇ ಜೋರಾಗಿದೆ. ಇವತ್ತಿನ ರಬ್ಬಿಗಳು ಚಿಕಿತ್ಸೆ ಕೊಡಲೇಬೇಕು ಎನ್ನುತ್ತಾರೆ. ಅವರಲ್ಲಿ ಕೆಲವರು ಕೊಡುವ ಕಾರಣ, ಕೊಡದಿದ್ದರೆ ಹಗೆ ಬೆಳೆಯುತ್ತದೆ ಎಂಬುದು. 1964ರಿಂದ 1972ರವರೆಗೆ ಇಸ್ರೇಲಿನ ಮುಖ್ಯ ರಬ್ಬಿಯಾಗಿದ್ದ ಇಸ್ಸೆರ್ ಯೆಹೂದಾ ಉಂಟರ್‌ಮನ್ ಇದನ್ನು ಒಪ್ಪಲಿಲ್ಲ. ಶಾಂತಿಯ ದಾರಿ ಎಂಬುದು ಭಯದಿಂದ ಹುಟ್ಟಿದ್ದಲ್ಲ, ತೋರಾದ ನೀತಿಯ ಒಳಗಿನಿಂದಲೇ ಬಂದದ್ದು ಎಂದು ಅವರು ಬರೆದರು. ಜೀವ ಎರಡು ರೀತಿಯಲ್ಲೂ ಉಳಿಯುತ್ತದೆ, ನಿಜ. ಆದರೂ ಹಾಸಿಗೆ ಮೇಲೆ ಮಲಗಿರುವ ಮನುಷ್ಯನಿಗೆ ಈ ಎರಡು ಕಾರಣಗಳ ನಡುವಿನ ವ್ಯತ್ಯಾಸ ಸಣ್ಣದಲ್ಲ.

ಈ ಇಡೀ ಗಂಟನ್ನು ಬಿಡಿಸಲು ಎಲ್ಲರಿಗಿಂತ ಧೈರ್ಯವಾಗಿ ಕೈಹಾಕಿದವನು ಮೆನಾಖೆಮ್ ಮೇಯಿರಿ. 1249ರಲ್ಲಿ ಹುಟ್ಟಿದ, ಈಗಿನ ಫ್ರಾನ್ಸಿನ ಪೆರ್ಪಿನ್ಯಾನ್ ಊರಿನವನು. ತಾಲ್ಮುಡ್‌ನ ಈ ತಾರತಮ್ಯದ ಕಾನೂನುಗಳು ಹಿಂದಿನ ಕಾಲದ, ಯಾವ ನೀತಿ ನಿಯಮವೂ ಇಲ್ಲದ ಜನರಿಗೆ ಮಾತ್ರ ಎಂದ. ಧರ್ಮದ ಕಟ್ಟಿಗೆ ಒಳಪಟ್ಟ ಜನಾಂಗಗಳಿಗೆ ಅವು ಲಾಗೂ ಆಗುವುದಿಲ್ಲ. ಎತ್ತಿನ ವಿಷಯದಲ್ಲಾಗಲಿ, ಕಳೆದುಹೋದ ವಸ್ತು ಹಿಂದಿರುಗಿಸುವುದರಲ್ಲಾಗಲಿ, ಅವರು ಯಹೂದಿಗಳ ಹಾಗೆಯೇ. ಅವನ ಸುತ್ತ ಇದ್ದವರು ಕ್ರೈಸ್ತರು. ಹಿಂದೂಗಳನ್ನು ಅವನು ಕಂಡಿರಲಾರ. ಆದರೆ ಅವನ ಅಳತೆಗೋಲು ದೇವರ ರೂಪಕ್ಕಿಂತ ಜನರ ನಡತೆಯನ್ನು ಅಳೆಯುತ್ತದೆ. ಅದಕ್ಕೇ ನಮ್ಮ ಕಾಲದ ಕೆಲವು ಯಹೂದಿ ಚಿಂತಕರು ಅದನ್ನು ಹಿಂದೂಗಳವರೆಗೂ ಚಾಚಿದ್ದಾರೆ.

ಮೇಯಿರಿಗೆ ಎದುರು ದಿಕ್ಕಿನಲ್ಲಿ ಇನ್ನೊಂದು ಹೊಳೆ ಹರಿಯಿತು. 12ನೇ ಶತಮಾನದ ಕವಿ ಯೆಹೂದಾ ಹಲೇವಿ, ಯಹೂದಿ ಆತ್ಮವೇ ಬೇರೆ ಜಾತಿಯದು ಎಂದ. 18ನೇ ಶತಮಾನದ ಕೊನೆಯಲ್ಲಿ ಖಬಾದ್ ಎಂಬ ಯಹೂದಿ ಪಂಥದ ಮೊದಲ ಗುರು ಶ್ನೆಯೂರ್ ಜಲ್ಮಾನ್ ಬರೆದ ‘ತಾನ್ಯಾ’ ಗ್ರಂಥದಲ್ಲಿ, ಬೇರೆ ಜನಾಂಗಗಳ ಆತ್ಮಗಳು ಅಶುದ್ಧ ಮೂಲದಿಂದ ಬಂದವು ಎಂಬ ಮಾತಿದೆ. ಇದನ್ನು ಇವತ್ತಿನ ಅನುಯಾಯಿಗಳು ಬೇರೆ ಬೇರೆ ರೀತಿ ವಿವರಿಸುತ್ತಾರೆ. ಮೈಮೊನಿಡಿಸ್ ಮಾತ್ರ ಹುಟ್ಟಿನ ಮೇಲೆ ಯಾವ ಭಾರವನ್ನೂ ಹಾಕಲಿಲ್ಲ. ಓಬದ್ಯ ಎಂಬ ಒಬ್ಬ ಮತಾಂತರಿ ಅವನಿಗೆ ಪತ್ರ ಬರೆದು, ‘ನಮ್ಮ ಪಿತೃಗಳ ದೇವರೇ’ ಎಂದು ನಾನು ಪ್ರಾರ್ಥಿಸಬಹುದೇ, ನನ್ನ ಪಿತೃಗಳು ಯಹೂದಿಗಳಲ್ಲವಲ್ಲ ಎಂದು ಕೇಳಿದ್ದ. ಧಾರಾಳವಾಗಿ ಪ್ರಾರ್ಥಿಸು, ಅಬ್ರಹಾಮ ನಿನಗೂ ತಂದೆ ಎಂದು ಮೈಮೊನಿಡಿಸ್ ಉತ್ತರಿಸಿದ. ವ್ಯತ್ಯಾಸ ಇರುವುದು ನೀನು ಏನು ಮಾಡುತ್ತೀ ಎಂಬುದರಲ್ಲೋ, ನೀನು ಯಾವ ರಕ್ತದಲ್ಲಿ ಹುಟ್ಟಿದೆ ಎಂಬುದರಲ್ಲೋ? ಜಾತಿಯ ನಾಡಿನಲ್ಲಿ ಹುಟ್ಟಿದ ನಮಗೆ ಈ ಪ್ರಶ್ನೆಯ ತೂಕವನ್ನು ಯಾರೂ ವಿವರಿಸಬೇಕಾಗಿಲ್ಲ.

ಈ ವಾದಗಳಲ್ಲಿ ಬಹುಪಾಲು ನಡೆದದ್ದು ಯಹೂದಿಗಳ ಕೈಯಲ್ಲಿ ಯಾವ ಅಧಿಕಾರವೂ ಇಲ್ಲದಾಗ. ಯುರೋಪಿನ ಇಕ್ಕಟ್ಟಾದ ಯಹೂದಿ ಕೇರಿಯಲ್ಲಿ ಕೂತು ಯಾರೋ ಒಬ್ಬ ‘ನಾವೇ ಶ್ರೇಷ್ಠ’ ಎಂದರೆ ಅದು ಏಟು ತಿಂದವನ ಸಮಾಧಾನ. 1242ರಲ್ಲಿ ಪ್ಯಾರಿಸ್‌ನಲ್ಲಿ ಗಾಡಿಗಟ್ಟಲೆ ತಾಲ್ಮುಡ್ ಪ್ರತಿಗಳನ್ನು ಸುಟ್ಟರು. ತಾಲ್ಮುಡ್ ಕ್ರೈಸ್ತರನ್ನು ಬೈಯುತ್ತದೆ ಎಂಬ ಆರೋಪವೂ ಅದರ ಹಿಂದಿತ್ತು. ಸಾಲುಗಳನ್ನು ಕತ್ತರಿಸಿ, ತಿರುಚಿ, ಪಕ್ಕದ ಪುಟದ ಉತ್ತರವನ್ನು ಬಿಟ್ಟು ಪಟ್ಟಿ ಮಾಡುವ ಕೆಲಸ ಯುರೋಪಿನಲ್ಲಿ ನೂರಾರು ವರ್ಷ ನಡೆಯಿತು. ನಮ್ಮ ಫೋನಿಗೆ ಇಂದು ಬರುವ ‘ತಾಲ್ಮುಡ್ ಹೀಗೆ ಹೇಳುತ್ತದೆ’ ಪಟ್ಟಿಗಳು ಬಹುಪಾಲು ಅದೇ ಕಾರ್ಖಾನೆಯ ಮಾಲು. ಅಂಥ ಪಟ್ಟಿಗಳು ಕೊನೆಗೆ ಎಷ್ಟು ಹೆಣ ಉರುಳಿಸಿದವು ಎಂದು ಗೊತ್ತಿರುವವರು ಅವನ್ನು ಮುಂದಕ್ಕೆ ಕಳಿಸಬಾರದು.

1948ರಲ್ಲಿ ಲೆಕ್ಕ ಬದಲಾಯಿತು. ಈಗ ಯಹೂದಿಗಳಿಗೆ ರಾಜ್ಯವಿದೆ, ಸೈನ್ಯವಿದೆ, ಪ್ರಜೆಗಳಲ್ಲಿ ಐದರಲ್ಲಿ ಒಂದು ಪಾಲು ಅರಬರು. ‘ಬೇರೆಯವನು’ ಈಗ ಬಾಡಿಗೆ ಮನೆ ಕೇಳಿಕೊಂಡು ಬರುವ ಹುಡುಗ. ಇಸ್ರೇಲಿನ ಸ್ವಾತಂತ್ರ್ಯ ಘೋಷಣೆ ಧರ್ಮ, ಜನಾಂಗ ನೋಡದೆ ಸಮಾನ ಹಕ್ಕಿನ ಮಾತು ಕೊಟ್ಟಿತು. ಆಗಿನ ಮುಖ್ಯ ರಬ್ಬಿ ಯಿತ್ಸಾಕ್ ಹೆರ್ಜೋಗ್, ಅಲ್ಪಸಂಖ್ಯಾತರ ಹಕ್ಕನ್ನು ಧರ್ಮಶಾಸ್ತ್ರದ ಒಳಗಿನಿಂದಲೇ ಸಮರ್ಥಿಸಲು ಶ್ರಮಪಟ್ಟರು. ಜಗತ್ತಿನ ರಾಷ್ಟ್ರಗಳು ಈ ರಾಜ್ಯಕ್ಕೆ ಒಪ್ಪಿಗೆ ಕೊಟ್ಟದ್ದೇ ಆ ಷರತ್ತಿನ ಮೇಲೆ, ಕೊಟ್ಟ ಮಾತು ಮುರಿಯುವ ಹಾಗಿಲ್ಲ ಎಂಬುದು ಅವರ ವಾದಗಳಲ್ಲಿ ಒಂದು.

2010ರ ಡಿಸೆಂಬರಿನಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಒಂದು ಪತ್ರ ಹೊರಬಂತು. ಸಫೇದ್ ಎಂಬ ಬೆಟ್ಟದ ಊರಿನ ಕಾಲೇಜಿಗೆ ಅರಬ್ ವಿದ್ಯಾರ್ಥಿಗಳು ಬರುತ್ತಿದ್ದರು. ಅವರಿಗೆ ಮನೆ ಕೊಡಬೇಡಿ ಎಂದು ಊರಿನ ಮುಖ್ಯ ರಬ್ಬಿ ಶ್ಮುವೇಲ್ ಎಲಿಯಾಹು ಮೊದಲೇ ಹೇಳಿದ್ದರು. ಈಗ ಬೇರೆ ಊರುಗಳ ಹತ್ತಾರು ರಬ್ಬಿಗಳೂ ಸೇರಿ, ಯಹೂದಿಗಳಲ್ಲದವರಿಗೆ ಮನೆ ಮಾರುವುದು, ಬಾಡಿಗೆಗೆ ಕೊಡುವುದು ನಿಷಿದ್ಧ ಎಂದು ಸಹಿ ಹಾಕಿದರು. ಇವರಲ್ಲಿ ಹೆಚ್ಚಿನವರು ಸರ್ಕಾರದ ಸಂಬಳ ತೆಗೆದುಕೊಳ್ಳುವವರು. ಆಧಾರ ಯಾವುದು? ಮೇಲೆ ಹೇಳಿದ ಧರ್ಮೋಪದೇಶಕಾಂಡದ ಅದೇ ಆಜ್ಞೆಯ ಎರಡು ಪದ, ‘ಲೋ ತೆಖಾನೇಮ್’. ಕರುಣೆ ತೋರಬೇಡಿ ಎಂಬ ಆ ಪದಗಳನ್ನೇ ಸ್ವಲ್ಪ ಬೇರೆ ಥರ ಓದಿದರೆ, ನೆಲದಲ್ಲಿ ಅವರಿಗೆ ಬೀಡು ಕೊಡಬೇಡಿ ಎಂದಾಗುತ್ತದೆ ಎಂದು ತಾಲ್ಮುಡ್ ವಿವರಿಸಿತ್ತು. ಗುರುತೇ ಸಿಗದ ಏಳು ಜನಾಂಗಗಳ ಮೇಲಿನ ಆಜ್ಞೆ ಕಾಲೇಜು ಹುಡುಗರ ಬಾಡಿಗೆ ಕೋಣೆಯವರೆಗೆ ಬಂದು ನಿಂತಿತು.

ಪ್ರಧಾನಿ ನೆತನ್ಯಾಹು ಖಂಡಿಸಿದರು. ನಾಜಿಗಳು ನಡೆಸಿದ ಯಹೂದಿ ಹತ್ಯಾಕಾಂಡದ ಸ್ಮಾರಕ ಸಂಸ್ಥೆ ಯಾದ್ ವಾಶೆಮ್ ಖಂಡಿಸಿತು. ಹರ್ ಎತ್ಸಿಯೋನ್ ಎಂಬ ಧರ್ಮಶಾಸ್ತ್ರ ಪಾಠಶಾಲೆಯ ರಬ್ಬಿ ಆಹರೋನ್ ಲಿಖ್ಟನ್‌ಸ್ಟೈನ್, ಆ ಪತ್ರ ಶಾಸ್ತ್ರವನ್ನು ಅರ್ಧಂಬರ್ಧ ಓದಿದೆ ಎಂದು ಉತ್ತರ ಬರೆದರು. ಸಹಿ ಹಾಕಲು ಒಪ್ಪದವರಲ್ಲಿ ಇನ್ನೊಬ್ಬರಿದ್ದರು. ತಿರುಪತಿಯ ಕೂದಲನ್ನು ನಿಷೇಧಿಸಿದ ಅದೇ ಎಲ್ಯಾಶಿವ್. ಇಂಥ ಪತ್ರ ಬರೆಯುವ ಕೆಲವು ರಬ್ಬಿಗಳ ಕೈಯಿಂದ ಪೆನ್ನು ಕಿತ್ತುಕೊಳ್ಳಬೇಕು ಎಂದು ಅವರು ಹೇಳಿದ್ದಾಗಿ ವರದಿಯಾಯಿತು. ನನ್ನ ಮೊದಲ ಸಿಟ್ಟು ಕರಗಿದ್ದು ಇದನ್ನು ಓದಿದಾಗ. ನಮ್ಮ ಪೂಜೆಯನ್ನು ಒಪ್ಪದ ಮನುಷ್ಯ ನಮಗೆ ಮನೆ ಕೊಡಬೇಡಿ ಎನ್ನುವವನೇ ಆಗಿರಬೇಕಾಗಿಲ್ಲ. ಪೂಜೆಯ ಬಗ್ಗೆ ಇರುವ ಅಭಿಪ್ರಾಯ ಬೇರೆ, ಪೂಜಿಸುವವನ ಜೊತೆ ನಡೆದುಕೊಳ್ಳುವ ರೀತಿ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ನಾನು ನೊಂದುಕೊಂಡಿದ್ದೆ.

ಹಾಗಂತ ಈಗಿನ ಇಸ್ರೇಲಿನಲ್ಲಿ ಗಾಳಿ ಎತ್ತ ಬೀಸುತ್ತಿದೆ ಎಂಬುದನ್ನು ಮರೆಮಾಚಲಾರೆ. 2015ರ ಜೂನ್‌ನಲ್ಲಿ ಗಲಿಲೇಯದ ತಬ್ಘಾದಲ್ಲಿ ಒಂದು ಚರ್ಚಿಗೆ ಬೆಂಕಿ ಹಚ್ಚಿದರು. ಗೋಡೆಯ ಮೇಲೆ ಬರೆದಿದ್ದು ವಿಗ್ರಹಗಳು ನಾಶವಾಗಲಿ ಎಂಬ ಸಾಲು, ಯಹೂದಿಗಳು ದಿನಾ ಹೇಳುವ ‘ಅಲೇನು’ ಪ್ರಾರ್ಥನೆಯದು. 2016ರಲ್ಲಿ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ ಪ್ರಕಟಿಸಿದ ಸಮೀಕ್ಷೆಯಲ್ಲಿ, ಅರಬರನ್ನು ಇಸ್ರೇಲಿನಿಂದ ಹೊರಹಾಕಬೇಕು ಎಂಬ ಮಾತಿಗೆ ಅಲ್ಲಿನ ಯಹೂದಿಗಳಲ್ಲಿ 48% ಹೌದೆಂದರು, 46% ಬೇಡವೆಂದರು. 2023ರ ಅಕ್ಟೋಬರ್ ಮೊದಲ ವಾರ, ಹಬ್ಬದ ದಿನಗಳಲ್ಲಿ, ಜೆರುಸಲೇಮಿನ ಹಳೆ ಪೇಟೆಯಲ್ಲಿ ಕ್ರೈಸ್ತ ಯಾತ್ರಿಕರ ಎದುರು ಕೆಲವರು ಉಗುಳಿದ ವಿಡಿಯೋ ಹರಿದಾಡಿತು. ಉಗುಳುವುದು ಅಪರಾಧವೇನಲ್ಲ ಎಂದು ಭದ್ರತಾ ಮಂತ್ರಿ ಬೆನ್ ಗ್ವಿರ್ ಹೇಳಿದರು. ಇಂಥ ನಡತೆಗೂ ಯಹೂದಿ ಧರ್ಮಕ್ಕೂ ಸಂಬಂಧವಿಲ್ಲ ಎಂದು ಮುಖ್ಯ ರಬ್ಬಿ ಡೇವಿಡ್ ಲಾವ್ ಖಂಡಿಸಿದರು.

ಅದಾದ ಕೆಲವೇ ದಿನಕ್ಕೆ, ಅಕ್ಟೋಬರ್ 7ರಂದು ಹಮಾಸ್ ದಾಳಿ ನಡೆಯಿತು. ತಿಂಗಳ ಕೊನೆಯಲ್ಲಿ ನೆತನ್ಯಾಹು ಭಾಷಣದಲ್ಲಿ ‘ಅಮಾಲೇಕ್ಯರು ನಿಮಗೆ ಮಾಡಿದ್ದನ್ನು ನೆನಪಿಡಿ’ ಎಂಬ ಬೈಬಲ್ ಮಾತನ್ನು ಎತ್ತಿದರು. ಬೈಬಲ್ಲಿನಲ್ಲಿ ಅಮಾಲೇಕ್ಯರೆಂದರೆ ಮಕ್ಕಳು ಮರಿ ಸಹಿತ ಅಳಿಸಬೇಕಾದವರು. ದಕ್ಷಿಣ ಆಫ್ರಿಕಾ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದಾಗ ಈ ಮಾತನ್ನೂ ಮುಂದಿಟ್ಟಿತು. ಅದು ಹಮಾಸ್ ಬಗ್ಗೆ ಮಾತ್ರ ಎಂದು ಪ್ರಧಾನಿ ಕಚೇರಿ ಸಮಜಾಯಿಷಿ ಕೊಟ್ಟಿತು. ಯಾವ ಜನಾಂಗವನ್ನೂ ಗುರುತಿಸಲಾಗದು ಎಂದು ರಬ್ಬಿಗಳು ಅಷ್ಟು ಜತನದಿಂದ ಹಾಕಿದ್ದ ಬೀಗ ಒಂದು ಭಾಷಣದಲ್ಲಿ ಸಡಿಲವಾಯಿತಲ್ಲ ಎಂದು ನನಗೆ ಸಂಕಟವಾಯಿತು.

ಬೀಗವನ್ನು ಮತ್ತೆ ಬಿಗಿ ಮಾಡುವವರೂ ಅಲ್ಲೇ ಇದ್ದಾರೆ. ‘ತಾಗ್ ಮೆಯಿರ್’ ಎಂಬ ಒಕ್ಕೂಟದ ಜನ, ತಬ್ಘಾದ ಚರ್ಚಿನ ಮೇಲೆ ನಡೆದಂಥ ದಾಳಿಗಳಾದಾಗ ನೊಂದವರ ಮನೆಗೆ ಹೋಗಿ ಕೂರುತ್ತಾರೆ. ತೆಕೋವಾದ ರಬ್ಬಿ ಮೆನಾಖೆಮ್ ಫ್ರೋಮನ್, ತಾವೇ ವೆಸ್ಟ್ ಬ್ಯಾಂಕಿನ ಯಹೂದಿ ವಸಾಹತಿನಲ್ಲಿ ವಾಸವಿದ್ದವರು, ಪ್ಯಾಲೆಸ್ಟೀನಿನ ಮಸೀದಿಗೆ ಬೆಂಕಿ ಬಿದ್ದಾಗ ಕುರಾನ್ ಪ್ರತಿಗಳನ್ನು ತೆಗೆದುಕೊಂಡು ಹೋಗಿ ಕೊಟ್ಟಿದ್ದರು.

ನಮ್ಮ ವಿಷಯಕ್ಕೆ ವಾಪಸ್ ಬರುತ್ತೇನೆ. ಯಹೂದಿಗಳು ಹಿಂದೂಗಳ ಪಕ್ಕದಲ್ಲಿ ಬದುಕಿದ್ದು ಹೊಸದಲ್ಲ. ಕೊಚ್ಚಿಯ ಮಟ್ಟಂಚೇರಿಯಲ್ಲಿ 1568ರಲ್ಲಿ ಕಟ್ಟಿದ ‘ಪರದೇಶಿ’ ಸಿನಗಾಗ್, ಅಂದರೆ ಯಹೂದಿ ಪ್ರಾರ್ಥನಾ ಮಂದಿರ, ಇದೆ. ಅರಮನೆಯ ದೇವಸ್ಥಾನಕ್ಕೂ ಅದಕ್ಕೂ ನಡುವೆ ಒಂದೇ ಗೋಡೆ. ಜಾಗ ಕೊಟ್ಟದ್ದು ಕೊಚ್ಚಿಯ ರಾಜ. ಆದರೂ ಎರಡೂ ಧರ್ಮದ ಮುಖಂಡರು ಅಧಿಕೃತವಾಗಿ ಎದುರುಬದುರು ಕೂತು ವಿಗ್ರಹದ ಮಾತು ಆಡಿದ್ದು ತೀರಾ ಈಚೆಗೆ, 2007ರಲ್ಲಿ ದೆಹಲಿಯಲ್ಲಿ, 2008ರಲ್ಲಿ ಜೆರುಸಲೇಮಿನಲ್ಲಿ. ಇಸ್ರೇಲಿನ ಮುಖ್ಯ ರಬ್ಬಿ ಕಚೇರಿಯ ಪ್ರತಿನಿಧಿಗಳಿದ್ದರು. ನಮ್ಮ ಕಡೆಯಿಂದ ಆರ್ಷ ವಿದ್ಯಾ ಗುರುಕುಲದ ಸ್ವಾಮಿ ದಯಾನಂದ ಸರಸ್ವತಿ ಮುಂತಾದವರಿದ್ದರು. ಹಿಂದೂಗಳು ಒಬ್ಬನೇ ಪರಮಾತ್ಮನನ್ನು ನಿರಾಕಾರವಾಗಿಯೂ ಸಾಕಾರವಾಗಿಯೂ ಪೂಜಿಸುತ್ತಾರೆ, ಯಾವುದೇ ಮೂರ್ತಿಯ ಮುಂದೆ ಪ್ರಾರ್ಥಿಸುವಾಗಲೂ ಅವರ ಪ್ರಾರ್ಥನೆ ಆ ಒಬ್ಬನಿಗೇ ಎಂದು ಎರಡನೇ ಸಭೆಯ ಘೋಷಣೆ ದಾಖಲಿಸಿತು.

ಆ ಘೋಷಣೆಯಿಂದ ವಿಗ್‌ನ ತೀರ್ಪು ಬದಲಾಗಲಿಲ್ಲ. ಇವತ್ತಿಗೂ ವಿಗ್ ಕೊಳ್ಳುವ ಎಷ್ಟೋ ಸಂಪ್ರದಾಯಸ್ಥ ಹೆಂಗಸರು, ಅದರಲ್ಲಿ ದೇವಸ್ಥಾನದ ಕೂದಲಿಲ್ಲ ಎಂಬ ರಬ್ಬಿಯ ಪ್ರಮಾಣಪತ್ರ ನೋಡಿಯೇ ಕೊಳ್ಳುತ್ತಾರೆ. ಅಲ್ಲಿನ ಧರ್ಮಶಾಸ್ತ್ರಿಗಳ ಮುಂದೆ ಪ್ರಶ್ನೆ ಇನ್ನೂ ಹಾಗೇ ಇದೆ: ಕಲ್ಯಾಣಕಟ್ಟೆಯಲ್ಲಿ ತಲೆ ತಗ್ಗಿಸಿ ಕೂತ ಆ ಮನುಷ್ಯ ದೇವರಿಗೆ ಕೊಡುತ್ತಿರುವುದೇನು? ಅದಕ್ಕೆ ನಮ್ಮಮ್ಮ ಕೊಡುವ ಉತ್ತರ ಒಂದು. ಅವಳ ಪಕ್ಕದಲ್ಲಿ ಮಗುವಿಗೆ ಹೊತ್ತ ಹರಕೆ ತೀರಿಸಲು ಕೂತವಳನ್ನು ಕೇಳಿದರೆ, ಅವಳು ಹೇಳುವುದು ಇನ್ನೊಂದು.